ಹಗ್ಗದ ಮೇಲಿನ ಬಾಲ

ಶಿಡ್ಲಘಟ್ಟದ ನಮ್ಮ ರೇಷ್ಮೆ ರೀಲಿಂಗ್ ಘಟಕ ಶುಕ್ರವಾರ ಮಧ್ಯಾಹ್ನ ನಿಲ್ಲುತ್ತದೆ. ನನ್ನ ಅಬ್ಬಾನೂ ಕೆಲಸದ ಗಂಡಸರೂ ನಮಾಜಿಗೆ ಹೋದಮೇಲೆ ನಾನು ವೇಸ್ಟ್ ರೇಷ್ಮೆಯ ನರಿಬಾಲ ಸೊಂಟಕ್ಕೆ ಕಟ್ಟಿಕೊಂಡು ಒಳಗೆ ಒಬ್ಬಳೇ ಕೂರುತ್ತೇನೆ. ನನ್ನಂತೆ ತಮಗೊಂದು ಪ್ರಾಣಿರೂಪ ಆರಿಸಿಕೊಂಡವರು ಇಂಟರ್ನೆಟ್‌ನಲ್ಲಿದ್ದಾರೆ; ಫರ್ರಿಗಳು ಎನ್ನುತ್ತಾರೆ. ನಮ್ಮ ಗುರುತನ್ನು ಅಕ್ಷರ, ಚಿಹ್ನೆಗಳ ಒಂದೇ ಸಾಲಿನ ಕೋಡಿನಲ್ಲಿ ಬರೆಯುತ್ತೇವೆ. ಅದನ್ನು ಬಿಡಿಸಿ ಹೇಳುವ ವೆಬ್ ಪುಟವೊಂದಿದೆ. ನನ್ನ ಕೋಡ್ ಹಾಕಿದರೆ ಯಾವಾಗಲೂ ಬರುವುದು ಇಷ್ಟೇ: ‘ನರಿ. ಬಾಲ ಉದ್ದ. ತನ್ನಂಥವರನ್ನು ಕಂಡಿಲ್ಲ.’

ರಂಜಾನಿಗೆ ಮುಂಚಿನ ಶುಕ್ರವಾರ ಬೇರೆಯೇ ಉತ್ತರ ಬಂತು: ‘ನರಿ. ಬಾಲ ಒದ್ದೆ. ತನ್ನಂಥ ಒಬ್ಬರನ್ನು ಕಂಡಿದೆ.’

ಕೋಡಿನ ಒಂದಕ್ಷರವೂ ಬದಲಾಗಿರಲಿಲ್ಲ. ಮೂರು ಸಲ ಹಾಕಿ ನೋಡಿದೆ. ಬಾಲ ಮುಟ್ಟಿದೆ, ಒಣಗಿಯೇ ಇತ್ತು. ಒಲೆ ಆರಿ ಗಂಟೆಯಾಗಿದ್ದರೂ ರೇಷ್ಮೆಗೂಡು ಬೇಯಿಸುವ ತೊಟ್ಟಿಯ ನೀರು ಮೆಲ್ಲಗೆ ಅಲುಗುತ್ತಿತ್ತು.

ಘಟಕದಲ್ಲಿ ಕೆಲಸ ಮಾಡುವ, ನನಗೆ ಈ ಬಾಲ ಹೊಸೆದುಕೊಟ್ಟ ಮುನಿಶಾಮಮ್ಮ ಊಟ ಮುಗಿಸಿ ಹಿತ್ತಲಿಂದ ಕೂಗಿದರು. “ಏನಮ್ಮ ಅಲ್ಮಾಸು, ಬಾಲ ಹಿಂಡ್ದೇನೇ ಹಗ್ಗಕ್ಕೆ ಹಾಕಿದೀಯ? ನಾಯಿ ಎಳ್ಕೊಂಡು ಹೋಗಲ್ವಾ?”

“ಬಾಲ ನನ್ ಸೊಂಟದಲ್ಲೇ ಐತಲ್ಲಕ್ಕ.”

ಎದ್ದು ಹಿತ್ತಲಿಗೆ ಹೋಗಿ ನೋಡಿದೆ. ಸುಡುಬಿಸಿಲಲ್ಲಿ ಹಗ್ಗದ ಮೇಲೆ ನನ್ನದರಂಥದೇ ಇನ್ನೊಂದು ಬಾಲ ತೊಟ್ಟಿಕ್ಕುತ್ತಿತ್ತು. ಕೈಗೆ ಬಿದ್ದ ಹನಿ ಐಸಿನಷ್ಟು ತಣ್ಣಗಿತ್ತು.

ಅದನ್ನು ಅಲ್ಲೇ ಬಿಟ್ಟಿದ್ದೇನೆ. ಯಾರೂ ಕೇಳಿಕೊಂಡು ಬಂದಿಲ್ಲ. ಐದು ತಿಂಗಳಾಯಿತು, ಇನ್ನೂ ಒಣಗಿಲ್ಲ.