ರಕ್ತ ಹೇಳದ ಮಾತು

"ಯಾರವಳು?"

ಸೈಕಲ್ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಳು ಅವಳು. ಕೈಯಲ್ಲಿ ಲ್ಯಾಬಿನಿಂದ ಈಗಷ್ಟೇ ತಂದ ಇಬ್ಬರ ರಿಪೋರ್ಟು. ಚಕ್ರದ ಕಡ್ಡಿ ಬಿಗಿ ಮಾಡುತ್ತಿದ್ದ ಗಂಡ ತಲೆಯೆತ್ತಿದ.

"ಏನಾಯ್ತು ಬನ್ನೂ?"

ಬೇಕರಿಯಲ್ಲಿ ಬ್ರೆಡ್ ಮಾಡುವ ಹೆಂಡತಿಗೆ ಅವನಿಟ್ಟ ಮುದ್ದಿನ ಹೆಸರು ಅದು. ಇವತ್ತು ಅದನ್ನು ಕೇಳಿ ಅವಳ ಮೈಯೆಲ್ಲ ಉರಿದುಹೋಯಿತು!

"ನನ್ನ ಹುಣ್ಣಿನ ಪರೀಕ್ಷೆಯಲ್ಲಿ ಹರ್ಪಿಸ್ ಅಂತ ಬಂದಿದೆ, ಹಾಸಿಗೆ ಹಂಚಿಕೊಂಡವರಿಂದ ಅಂಟೋ ರೋಗ. ನನ್ನ ರಕ್ತದಲ್ಲಿ ಅದರ ಆ್ಯಂಟಿಬಾಡಿ ಇಲ್ಲ, ನಿಮ್ಮ ರಕ್ತದಲ್ಲಿ ಇದೆ! ಮದುವೆಯಾಗಿ ತಿಂಗಳೂ ತುಂಬಿಲ್ಲ... ಅಷ್ಟರಲ್ಲೇ ಬೇರೆಯವಳು ಬೇಕಾದಳಾ?"

"ದೇವರಾಣೆ, ಯಾರೂ ಇಲ್ಲ ಕಣೇ! ನನಗೆ ಒಂದು ಗುಳ್ಳೆಯೂ ಎದ್ದಿಲ್ಲ..."

"ಸಾಕು!"

ಕಣ್ಣೊರೆಸಿಕೊಳ್ಳುತ್ತಾ, ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟಿದ್ದ ಡಾಕ್ಟರಮ್ಮನ ಬಳಿ ನೇರ ಹೋದಳು. ಗಂಡನ ತಪ್ಪನ್ನು ಅವರ ಬಾಯಿಂದಲೇ ಹೇಳಿಸಬೇಕೆಂಬ ಹಟ. ಒಳಗೊಳಗೆ ಮಾತ್ರ, ದೇವರೇ, ಇದು ಸುಳ್ಳಾಗಲಿ ಎಂಬ ಬೇಡಿಕೆ!

ಡಾಕ್ಟರಮ್ಮ ಎರಡೂ ರಿಪೋರ್ಟು ನೋಡಿದರು. "ನಿನ್ನ ರಕ್ತದಲ್ಲಿ ಇಲ್ಲ ಅಂದ್ರೆ ನಿನಗೆ ತಗುಲಿದ್ದು ಹೊಸದಾಗಿ ಅಂತ, ಅಷ್ಟೇ. ಆ್ಯಂಟಿಬಾಡಿ ಅಂದ್ರೆ ರೋಗದ ವಿರುದ್ಧ ಮೈ ತಾನೇ ತಯಾರಿಸೋದು, ಅದು ಕಾಣಿಸೋಕೆ ಕೆಲವು ವಾರ ಬೇಕಮ್ಮ. ಕೆಲವರಿಗೆ ಮೂರ್ನಾಲ್ಕು ತಿಂಗಳು."

"ಅಂದ್ರೆ... ಯೀಸ್ಟ್ ಹಾಕಿದ ತಕ್ಷಣ ಹಿಟ್ಟು ಉಬ್ಬೋಲ್ಲ, ಹೊತ್ತು ಬೇಕು, ಹಾಗೇನಾ? ಅವಸರಪಟ್ಟು ಬೈದುಬಿಟ್ನಾ ನಾನು?"

ಓವನ್ ಬಾಗಿಲನ್ನು ಅವಸರಪಟ್ಟು ತೆಗೆದವರಿಗೆ ದಿನಾ ಬೈಯುವವಳು ಇವಳೇ!

"ಸರಿಯಾಗಿ ಹೇಳಿದೆ. ನಿನ್ನ ಗಂಡನ ರಕ್ತದಲ್ಲಿ ಆಗಲೇ ಚೆನ್ನಾಗಿ ಇದೆ, ಅಂದ್ರೆ ಅವರಿಗೆ ತಗುಲಿದ್ದು ಈಚೆಗಲ್ಲ. ಬಹುಶಃ ಮದುವೆಗಿಂತ ಹಳೆಯದು. ತುಂಬಾ ಜನಕ್ಕೆ ಗುಳ್ಳೆಯೇ ಏಳೋಲ್ಲ, ತಮಗಿದೆ ಅಂತಾನೂ ಗೊತ್ತಿರೋಲ್ಲ."

ಹಳೆಯದು... ತನ್ನ ಬಾಳಿನಲ್ಲಿ ಹಿಂದೆ ಒಬ್ಬಳಿದ್ದಳು ಎಂದು ಅವನು ಮೊದಲ ಭೇಟಿಯಲ್ಲೇ ಹೇಳಿದ್ದ. "ಹೋಗಲಿ ಬಿಡಿ" ಎಂದು ನಕ್ಕಿದ್ದವಳೂ ತಾನೇ!

"ಈಗ ಯಾರೂ ಇಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಡಾಕ್ಟರೇ?"

"ಯಾರಿಂದ ಬಂತು ಅಂತ ರಕ್ತ ಹೇಳೋಲ್ಲಮ್ಮ. ಅದನ್ನ ಅವರನ್ನೇ ಕೇಳು. ಮಾತ್ರೆ ಬರ್ಕೊಡ್ತೀನಿ, ಹುಣ್ಣು ವಾಸಿಯಾಗೋವರೆಗೆ ದೂರ ಇರಿ. ಇದರಿಂದ ಸಂಸಾರ ಏನೂ ಮುಳುಗೋಲ್ಲ."

ಮತ್ತೆ ಅಂಗಡಿಗೆ ಬಂದಾಗ ಅವನು ಅದೇ ಚಕ್ರದ ಮುಂದೆ ಪೆಚ್ಚಾಗಿ ಕೂತಿದ್ದ. ಅವಳು ಪಕ್ಕದಲ್ಲಿ ಕುಳಿತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು.

"ಸದ್ಯ! ಡಾಕ್ಟರು ಹೇಳಿದ್ದಕ್ಕಾದರೂ ನಂಬಿದೆಯಲ್ಲ."

"ಅವರು ಗ್ಯಾರಂಟಿ ಕೊಡಲಿಲ್ಲರೀ. ನೀವೇ ಹೇಳಿ... ಹೇಳಿದ್ದನ್ನ ನಂಬ್ತೀನಿ."

ಅವನು ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡ. "ನಿನ್ನನ್ನ ನೋಡಿದ ಮೇಲೆ ಯಾರೂ ಇಲ್ಲ ಕಣೇ. ಆದರೆ ಈ ನೋವು ನನ್ನಿಂದಲೇ ಬಂತೇನೋ... ಕ್ಷಮಿಸು."

"ನೀವು ಗೊತ್ತಿಲ್ಲದೆ ಕೊಟ್ರಿ. ನಾನು ಬೇಕಂತಲೇ ಚುಚ್ಚಿ ಮಾತಾಡಿದೆ. ಕ್ಷಮೆ ಕೇಳಬೇಕಾದವಳು ನಾನು!"

ಅವಳ ಕಣ್ಣು ಮತ್ತೆ ತುಂಬಿತು. ಅವನ ಭುಜಕ್ಕೆ ತಲೆಯಾನಿಸಿದಳು.

"ತುಂಬಾ ನೋಯ್ತಿದೆಯಾ?" ಮೆಲ್ಲಗೆ ಕೇಳಿದ.

"ಹುಣ್ಣು ಇನ್ನೂ ನೋಯ್ತಿದೆ... ಎದೆ ನೋಯೋದು ನಿಂತಿದೆ ಕಣ್ರೀ."