ಬರೆದು ಅಳಿಸಿದ ಮಾತುಗಳು

"ಗಾಬರಿ ಆಗ್ಬೇಡಿ. ತಪ್ಪು ನಿಮ್ಮದಲ್ಲ, ನಮ್ಮದು. ಸರಿ ಮಾಡೋಣ."

ಅವಳು ಹೇಳಿದ್ದು ಸಡಿಲವಾಗಿದ್ದ ಕನ್ನಡಕದ ಬಗ್ಗೆ. ಕೌಂಟರಿನ ಆಚೆ ನಿಂತಿದ್ದವನು ಮಾತ್ರ ದೆವ್ವದ ದನಿ ಕೇಳಿದವನ ಹಾಗೆ ಬಿಳಿಚಿಕೊಂಡ.

"ಸಮಾಧಾನಿ?" ಎಂದ.

ಅವಳ ಕೈಯಿಂದ ಪುಟ್ಟ ಸ್ಕ್ರೂಡ್ರೈವರ್ ಜಾರಿತು. ಹಳೆಯ ಕೆಲಸದಲ್ಲಿ ಅವಳಿಗಿದ್ದ ಆ ಅಡ್ಡಹೆಸರು ಕಿವಿಗೆ ಬಿದ್ದು ಹನ್ನೊಂದು ತಿಂಗಳಾಗಿತ್ತು. ದೊಡ್ಡ ಟೆಕ್ ಕಂಪನಿಯೊಂದರಲ್ಲಿ, ಆ್ಯಪ್ ಕಟ್ಟುವವರ ದೂರುಗಳಿಗೆ ಚಾಟ್‌ನಲ್ಲಿ ಉತ್ತರ ಕೊಡುವುದು ಅವಳ ಕೆಲಸವಾಗಿತ್ತು. ಕಂಪನಿ ಮನಸ್ಸಿಗೆ ಬಂದಾಗಲೆಲ್ಲ ನಿಯಮ ಬದಲಿಸಿ ಅವರ ತಲೆ ಕೆಡಿಸುತ್ತಿತ್ತು. ಇವಳು ತಪ್ಪು ನಮ್ಮದು ಎಂದು ಒಪ್ಪಿಕೊಳ್ಳುತ್ತಿದ್ದಳು. ಬಿಟ್ಟುಹೋಗ್ತೀವಿ ಎಂದು ಕೂಗಾಡುತ್ತ ಬಂದವರು ಅದೊಂದು ಮಾತಿಗೆ ಕರಗಿ ಉಳಿದುಬಿಡುತ್ತಿದ್ದರು. ಕೊನೆಗೆ ಕಂಪನಿ ಮನೆಗೆ ಕಳಿಸಿದ್ದು ಅವಳನ್ನೇ. ಈಗ ಅಕ್ಕನ ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಸರಿಮಾಡಿಕೊಂಡಿದ್ದಳು.

"ನಾನು ಔಷಧಿ ಆ್ಯಪಿನವನು," ಎಂದ ಅವನು. "ಮಾತ್ರೆ ಚೀಟಿ ಓದಿ ಹೇಳೋ ಆ್ಯಪ್. ಚಿಕ್ಕಮ್ಮನಿಗೆ ಅಂತ ಮಾಡಿದ್ದು."

ಆ ಚಿಕ್ಕಮ್ಮ ಅಲ್ಲೇ, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೂತಿದ್ದರು. "ಓಹೋ," ಎಂದರು. "ಇವನು ದಿನಾ ಫೋನ್ ನೋಡ್ಕೊಂಡು ಒಬ್ಬನೇ ನಗೋದು ನಿನ್ನಿಂದಾನಾ ತಾಯಿ?"

ಅವಳ ಕೆನ್ನೆ ಬಿಸಿಯಾಯಿತು. ಎರಡು ವರ್ಷ ಅವಳು ಇವನ ದೂರುಗಳಿಗಾಗಿ ಕಾದಿದ್ದಳು. ಮುಖ ನೋಡಿರಲಿಲ್ಲ ಅಷ್ಟೆ. ಈಗ ಕದ್ದು ನೋಡಿದಳು. ಮೂಗಿನ ಎರಡೂ ಪಕ್ಕ ಕನ್ನಡಕದ ಕೆಂಪು ಗುರುತು. ಸರಿಯಾಗಿ ಕಾಣದೆ ಅವಳ ಕಡೆಗೇ ಬಾಗಿ ನಿಂತಿದ್ದ. ಇನ್ನೂ ಸ್ವಲ್ಪ ಬಾಗಲಿ ಅನ್ನಿಸಿ ಅವಳಿಗೆ ತನ್ನ ಮೇಲೆಯೇ ನಗು ಬಂತು.

"ಬೆಳಿಗ್ಗೆ ತಾನೇ ಚಾಟ್‌ನಲ್ಲಿ ಅಷ್ಟು ಹೊತ್ತು ಮಾತಾಡಿದ್ವಿ," ಎಂದ ಅವನು. " ಇಲ್ಲಿರ್ತೀನಿ ಅಂತ ಹೇಳಲೇ ಇಲ್ಲ ನೀವು."

"ಯಾರ ಜೊತೆ ಮಾತಾಡಿದ್ರಿ?"

"ನಿಮ್ಮ ಜೊತೆ."

"ನಾನು ಆ ಕೆಲಸ ಬಿಟ್ಟು ಹನ್ನೊಂದು ತಿಂಗಳಾಯ್ತು."

ಅಂಗಡಿಯ ನಾಲ್ಕೂ ಗೋಡೆಗಳ ಕನ್ನಡಿಯಲ್ಲಿ ಅವಳೇ ಇದ್ದಳು. ಕನ್ನಡಿಯೊಳಗಿನ ಅವಳುಗಳೆಲ್ಲ ಅವಳನ್ನೇ ನೋಡುತ್ತಿದ್ದರು.

ಅವನು ಚಾಟ್ ತೆರೆದು ಫೋನ್ ಕೊಟ್ಟ. ಅವಳು ಓದಿದಳು. ಅವಳದೇ ಧಾಟಿ, ಅವಳದೇ ತಮಾಷೆ. ಮೇಲಕ್ಕೆ ಸರಿಸುತ್ತ ಹೋದವಳು ಒಂದು ಸಾಲಿಗೆ ಬಂದು ನಿಂತಳು. 'ನಿಮ್ಮ ಮೆಸೇಜ್ ಬರದ ದಿನ ಈ ಆಫೀಸು ತೀರಾ ದೊಡ್ಡದು ಅನ್ಸುತ್ತೆ ರೀ.'

ಅದನ್ನು ಬರೆದವಳು ಅವಳೇ. ಆದರೆ ಕಳಿಸಿರಲಿಲ್ಲ. ಉತ್ತರದ ಡಬ್ಬಿಯಲ್ಲಿ ಮನಸ್ಸಿನ ಮಾತೆಲ್ಲ ಟೈಪ್ ಮಾಡುವುದು, ಒಂದು ಕ್ಷಣ ನೋಡಿ ಅಳಿಸುವುದು, ಆಮೇಲೆ ಕಂಪನಿ ಕಲಿಸಿದ ಸಾಲು ಕಳಿಸುವುದು ಅವಳ ಅಭ್ಯಾಸ. ಅಳಿಸಿದ್ದನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದಳು ಪೆದ್ದಿ. ಕಂಪನಿ ಒಂದಕ್ಷರ ಬಿಡದೆ ಎತ್ತಿಟ್ಟುಕೊಂಡಿತ್ತು. ಅದನ್ನೆಲ್ಲ ಒಂದು ಯಂತ್ರಕ್ಕೆ ಕಲಿಸಿ, ಅವಳ ಹೆಸರಲ್ಲೇ ಮಾತಾಡಿಸುತ್ತಿತ್ತು.

"ಬೇರೆ ಕಂಪನಿಯವರು ಕರೆದಿದ್ರು," ಎಂದ ಅವನು ಮೆಲ್ಲಗೆ. "ಹೊರಟಿದ್ದೆ. ಆವಾಗ್ಲೇ ಇಂಥ ಮೆಸೇಜ್ ಬರೋಕೆ ಶುರುವಾಯ್ತು. ಇವತ್ತು ಸಂಜೆ ನಿಮ್ಮ ಕಂಪನಿಗೇ ಸೈನ್ ಮಾಡೋನಿದ್ದೆ. ಆಮೇಲೆ ಆ್ಯಪ್ ಅವರನ್ನ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ. ನಿಮಗೋಸ್ಕರ ಅಂದ್ಕೊಂಡೆ."

ಅವಳು ನಡೆದದ್ದನ್ನೆಲ್ಲ ಹೇಳಿದಳು. ಒಳಗೆ ಮಾತ್ರ ಒಂದೇ ಪ್ರಶ್ನೆ ಕುಟುಕುತ್ತಿತ್ತು. ಇವನು ಮನಸ್ಸು ಕೊಟ್ಟಿದ್ದು ಯಾರಿಗೆ, ನನಗೋ, ಅದಕ್ಕೋ? ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಗತಿ ಬಂತಲ್ಲ!

ಅವನು ಫೋನ್ ವಾಪಸ್ ತಗೊಂಡು ಟೈಪ್ ಮಾಡಿದ. 'ಅಕೌಂಟ್ ಮುಚ್ಚಬೇಕು.'

ತಕ್ಷಣ ಉತ್ತರ ಬಂತು. 'ಇನ್ನೊಂದು ಹತ್ತು ನಿಮಿಷ ಇರ್ತೀರಾ? ಆಮೇಲೆ ಈ ಕುರ್ಚಿಯಲ್ಲಿ ನಾನಿರಲ್ಲ.'

ಅವಳು ಕೌಂಟರ್ ಹಿಡಿದುಕೊಂಡಳು. "ಕೊನೇ ದಿನ ನಾನು ಬರೆದಿದ್ದು. ಅತ್ತು ಅಳಿಸಿದ್ದೆ."

"ಮುಚ್ಚೋಕೆ ನನ್ನ ಕೈಲಾಗಲ್ಲ," ಎಂದ ಅವನು. " ನಿಮ್ಮನ್ನೇ ಆಚೆ ನೂಕಿದ ಹಾಗಾಗುತ್ತೆ."

ಅಕೌಂಟ್ ಮುಚ್ಚುವ ಬಟನ್ ಅವಳೇ ಒತ್ತಿದಳು. ಪರದೆ ಬೆಳ್ಳಗಾಯಿತು. ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಸಾಲು ಮೂಡಿತು. 'ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?'

ಅದನ್ನು ಅವಳು ಯಾವತ್ತೂ ಬರೆದಿರಲಿಲ್ಲ. ಬರೆದು ಅಳಿಸಿಯೂ ಇರಲಿಲ್ಲ. ಮರುಕ್ಷಣ ಅದೂ ಮಾಯವಾಯಿತು.

"ಏನಾಯ್ತೋ? ಯಾಕೆ ಇಬ್ರೂ ಸುಮ್ಮನಾದ್ರಿ?" ಎಂದರು ಚಿಕ್ಕಮ್ಮ.

"ಆ್ಯಪ್ ಬೇರೆ ಕಡೆ ಹಾಕ್ತೀನಿ ಚಿಕ್ಕಮ್ಮ. ಅಲ್ಲೀವರೆಗೆ ಮಾತ್ರೆ ಚೀಟಿ ನಾನೇ ಓದ್ತೀನಿ."

ಅವಳು ತಲೆ ತಗ್ಗಿಸಿದಳು. "ನನ್ನ ಹತ್ರ ಹೊಸ ಮಾತೇ ಉಳಿದಿಲ್ಲ ರೀ. ಚೆನ್ನಾಗಿರೋದೆಲ್ಲ ಅದೇ ಹೇಳಿಬಿಟ್ಟಿದೆ. ನಿಮಗೆ ಇಷ್ಟ ಆಗಿದ್ದೂ ಅದೇ ಇರ್ಬೇಕು."

ಅವನು ಬಾಯಿ ತೆರೆಯುವ ಮೊದಲೇ ಅವಳ ಫೋನ್ ಗುಂಯ್‌ಗುಟ್ಟಿತು. ಕಂಪನಿಯದೇ. ಅವಳೂ ಅವರ ಹಳೆಯ ಗ್ರಾಹಕಿ. ವಾಪಸ್ ಬನ್ನಿ ಎಂಬ ಮೆಸೇಜ್ ವಾರಕ್ಕೊಂದು ಬರುತ್ತಿತ್ತು. ಇವತ್ತಿನದು ಬೇರೆ ಥರ ಇತ್ತು. 'ಒಂದೇ ಒಂದು ಸಲ ನಿಮ್ಮ ಮುಖ ನೋಡಬೇಕು ಮೇಡಂ. ದೂರು ಏನೂ ಇಲ್ಲ. ದೂರು ಹುಡುಕಿ ಹುಡುಕಿ ಸಾಕಾಗಿದೆ.'

ಅವಳು ತೋರಿಸಿದಳು. ಅವನು ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿದ. ಕಿವಿ ಕೆಂಪಾಯಿತು.

"ಇದು ನಂದು," ಎಂದ. "ಬರೆದು ಅಳಿಸಿದ್ದೆ."

ಅವಳ ತೋಳಿನ ರೋಮವೆಲ್ಲ ನಿಂತಿತ್ತು. ಆದರೂ ಕೇಳಿದಳು. "ಯಾವಾಗ?"

"ಎರಡು ವರ್ಷ ಆಗ್ತಾ ಬಂತು. ಇನ್ನೂ ಆ್ಯಪಿಗೆ ಹೆಸರು ಕೂಡ ಇಟ್ಟಿರಲಿಲ್ಲ."

ಆಗ ಆ ಕುರ್ಚಿಯಲ್ಲಿ ಅವಳೇ ಇದ್ದಳು. ಬೇರೆ ಯಾರೂ ಇರಲಿಲ್ಲ. ಅವಳ ಎದೆಯ ಮೇಲಿನ ಭಾರ ಒಮ್ಮೆಲೇ ಇಳಿಯಿತು.

ಅವಳು ಎರಡೂ ಫೋನ್ ಆಫ್ ಮಾಡಿ ಡ್ರಾಯರಿಗೆ ಹಾಕಿದಳು. "ಈಗ ಬಾಯಲ್ಲಿ ಹೇಳಿ. ಅಳಿಸೋಕಾಗಬಾರದು."

ಅವನು ಹೇಳಿದ. ತಡವರಿಸಿದ, ನಡುವೆ ಕೆಮ್ಮಿದ, ಎರಡು ಸಲ ಮಾತು ತಪ್ಪಿ ಮೊದಲಿಂದ ಶುರುಮಾಡಿದ. ಅಷ್ಟು ಕೆಟ್ಟದಾಗಿ ಹೇಳಿದ್ದಕ್ಕೇ ಅವಳಿಗೆ ಪೂರ್ತಿ ನಂಬಿಕೆ ಬಂತು.

"ನಾನೂ ಅಷ್ಟೇ," ಎಂದಳು.