ಜಾಮೀನುದಾರನ ವಿಳಾಸ

"ನನ್ನ ಮದುವೆ ಆಗ್ತೀರಾ?"

ಅವಳ ಬೆರಳು ಕೀಬೋರ್ಡಿನ ಮೇಲೇ ನಿಂತುಬಿಟ್ಟಿತು. ನೋಂದಣಿ ಕಚೇರಿಯ ಎದುರಿನ ಸಣ್ಣ ಅಂಗಡಿಯಲ್ಲಿ ಕ್ರಯಪತ್ರ, ದಾನಪತ್ರ ಟೈಪ್ ಮಾಡಿಕೊಡುವುದು ಅವಳ ಕೆಲಸ. ಕೌಂಟರಿನ ಆಚೆ ನಿಂತು ಇಂಥ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

ಕೇಳಿದವನು ಪಂಪ್ ರಿಪೇರಿಯವನು. ಬೀದಿಗೆಲ್ಲ ಅವನು ಪಂಪಣ್ಣ. ಅವಳು ಮಾತ್ರ ಎರಡು ವರ್ಷದಿಂದ 'ಪಂಪಿನವರೇ' ಎನ್ನುತ್ತಿದ್ದಳು. ಆ 'ಅಣ್ಣ' ಯಾಕೋ ಅವಳ ಬಾಯಿಗೆ ಬರುತ್ತಲೇ ಇರಲಿಲ್ಲ!

ಎರಡು ವರ್ಷ ಕಾದಿದ್ದ ಮಾತು. ಮನಸ್ಸು ಹಿಗ್ಗಿತು... ಅಷ್ಟರಲ್ಲಿ ಕಣ್ಣು ಅವನ ಅಂಗಿ ಜೇಬಿನ ಕಡೆ ಹೋಯಿತು. ಮಡಚಿಟ್ಟ ಲಕೋಟೆ, ಮೇಲೆ ಬ್ಯಾಂಕಿನ ಮುದ್ರೆ.

"ಅದೇನು?"

"ನೋಟಿಸ್. ಅದನ್ನೂ ಹೇಳೋಣ ಅಂತ... ಅಣ್ಣನ ಕಂಪನಿ ದಿವಾಳಿ ಆಯ್ತಲ್ಲ, ಅದರ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ಕಂಪನಿ ಮಾರಿ ಬಂದ ದುಡ್ಡು ಸಾಕಾಗ್ಲಿಲ್ಲ. ಉಳಿದಿದ್ದು ನನ್ನ ತಲೆಗೆ ಬಂತು. ಈಗ ಮನೆ..."

"ಸಾಕು!"

ಮನೆ! ಹಾಗಾದರೆ ಇದಾ ವಿಷಯ?

ಇಂಥವರನ್ನು ಅವಳು ಎಷ್ಟು ನೋಡಿಲ್ಲ! ಬ್ಯಾಂಕಿನವರು ಬರುವ ಮುಂಚೆ ಹೆಂಡತಿಯ ಹೆಸರಿಗೆ ಮನೆ ಬರೆಸಲು ಓಡಿಬರುವವರು. ಅವಳ ಭಾವನೂ ಅದನ್ನೇ ಮಾಡಿದ್ದ. ಪ್ರೀತಿಯಿಂದ ಬರೆದುಕೊಟ್ಟರು ಎಂದು ಅಕ್ಕ ಪಾಪ ಎಲ್ಲರ ಹತ್ತಿರ ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು. ಬ್ಯಾಂಕು ಕೋರ್ಟಿಗೆ ಹೋಗಿ ಆ ಪತ್ರವನ್ನೇ ರದ್ದು ಮಾಡಿಸಿತು. ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತವಳು ಅಕ್ಕ. ಭಾವ ಹೊರಗೆ ಕಾಫಿ ಕುಡಿಯುತ್ತಿದ್ದ.

"ಮನೆ ಬಚ್ಚಿಡೋಕೆ ಒಂದು ಹೆಸರು ಬೇಕು, ಅಲ್ವಾ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ!"

"ಮೇಡಂ, ನಾನು ಹೇಳೋದು ಪೂರ್ತಿ..."

"ಹೋಗ್ತೀರೋ, ಜನ ಸೇರಿಸ್ಲೋ?"

ಹೋದ. ತಿರುಗಿ ಕೂಡ ನೋಡಲಿಲ್ಲ. ಕಳ್ಳ! ಎಂದುಕೊಂಡಳು. ಮಧ್ಯಾಹ್ನ ಒಂದು ಕ್ರಯಪತ್ರದಲ್ಲಿ ಮಾರುವವನನ್ನೇ ಕೊಳ್ಳುವವನನ್ನಾಗಿ ಮಾಡಿ ಚೆನ್ನಾಗಿ ಬೈಸಿಕೊಂಡಳು.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲಿ ಅವನು ಬಂದು ನಿಂತಿದ್ದ.

"ಒಂದು ಪತ್ರ ಟೈಪ್ ಮಾಡಿಸ್ಬೇಕಿತ್ತು. ಮನೆ ವಿಚಾರ."

ಬಂತು ನೋಡು! ನಾನಲ್ಲದಿದ್ದರೆ ಇನ್ನೊಬ್ಬಳು. ಇಷ್ಟು ಬೇಗ ಹುಡುಕಿಬಿಟ್ಟನೇ? ಅಳು, ಸಿಟ್ಟು ಎರಡೂ ಒಟ್ಟಿಗೇ ನುಗ್ಗಿಬಂದವು.

"ಹೇಳಿ. ಯಾರ ಹೆಸರಿಗೆ?"

"ಬ್ಯಾಂಕ್ ಮ್ಯಾನೇಜರ್ ಹೆಸರಿಗೆ."

"ಏನು?!"

ಅವನು ಚೀಟಿ ನೋಡಿಕೊಂಡು ಹೇಳತೊಡಗಿದ. "ಮಾನ್ಯರೇ, ಜಾಮೀನುದಾರನಾದ ನಾನು ನನ್ನ ಮನೆಯನ್ನು ನಾನೇ ಮಾರಿ ಬಾಕಿ ತೀರಿಸುತ್ತೇನೆ. ಮೂರು ತಿಂಗಳು ಕಾಲಾವಕಾಶ ಕೊಡಬೇಕು. ಮನೆ ನನ್ನ ಹೆಸರಿನಲ್ಲೇ ಇದೆ. ಯಾರಿಗೂ ಬರೆದುಕೊಟ್ಟಿಲ್ಲ."

ಆದರೂ ಅನುಮಾನದ ಬುದ್ಧಿ ಸುಮ್ಮನಿರಬೇಕಲ್ಲ! ನೋಟಿಸ್ ಕೇಳಿ ಇಸಿದುಕೊಂಡಳು, ಮೇಲಿನಿಂದ ಕೆಳಗಿನವರೆಗೆ ಓದಿದಳು. ಅವನು ತಂದಿದ್ದ ಮನೆಯ ದಾಖಲೆಗಳನ್ನು ಒಂದೊಂದೇ ತಿರುವಿದಳು. ಎಲ್ಲೂ ಇನ್ನೊಂದು ಹೆಸರಿರಲಿಲ್ಲ.

"ಜಾಮೀನು ಪತ್ರ ಓದದೇ ಸೈನ್ ಹಾಕಿದ್ರಾ?"

"ಓದೇ ಹಾಕಿದ್ದು. ಕೆಲಸದವರಿಗೆ ನಾಲ್ಕು ತಿಂಗಳು ಸಂಬಳ ಇರ್ಲಿಲ್ಲ. ಆ ಸಾಲ ಬರದಿದ್ರೆ ಅವರೆಲ್ಲಿಗೆ ಹೋಗ್ಬೇಕಿತ್ತು?"

"ಮತ್ತೆ ನಿನ್ನೆ ಯಾಕೆ..."

"ನಿನ್ನೆ ಅರ್ಧಕ್ಕೇ ಓಡಿಸಿಬಿಟ್ರಿ. ಮನೆ ಹೋಗುತ್ತೆ, ಬಾಡಿಗೆ ರೂಮೂ ಇನ್ನೂ ಸಿಕ್ಕಿಲ್ಲ, ಇಂಥವನನ್ನ ಮದುವೆ ಆಗ್ತೀರಾ ಅಂತ ಕೇಳೋಕೆ ಬಂದಿದ್ದೆ. ಕೊನೇದು ಮೊದಲು ಬಂದ್ಬಿಡ್ತು. ಎರಡು ವರ್ಷದಿಂದ ಬಾಯಲ್ಲೇ ಇತ್ತು..."

ಅವಳಿಗೆ ನೆಲ ಬಿರಿದು ಒಳಗೆ ಹೋಗಿಬಿಡಬಾರದೇ ಎನ್ನಿಸಿತು. ಛೆ, ಭಾವನ ತಪ್ಪಿಗೆ ಇವನನ್ನು ಓಡಿಸಿದೆನಲ್ಲ! ಕಂಪ್ಯೂಟರಿನ ಅಕ್ಷರಗಳು ಮಂಜಾದವು.

"ಮನೆ ಮಾರಿದ ಮೇಲೆ ಬ್ಯಾಂಕಿನವರು ಎಲ್ಲಿಗೆ ಕಾಗದ ಹಾಕ್ಬೇಕು? ಮುಂದಿನ ವಿಳಾಸ ಬೇಕು."

"ಆ ಜಾಗ ಖಾಲಿ ಬಿಡಿ. ಆಮೇಲೆ ಬರ್ಕೊಳ್ತೀನಿ."

ಅವಳು ಖಾಲಿ ಬಿಡಲಿಲ್ಲ. ಟಕಟಕನೆ ಮೂರು ಸಾಲು ಟೈಪ್ ಮಾಡಿ ಪ್ರಿಂಟ್ ತೆಗೆದು ಮುಂದೆ ಚಾಚಿದಳು.

ಅವನು ಓದಿದ. ಇನ್ನೊಮ್ಮೆ ಓದಿದ.

"ಮೇಡಂ... ಇದು ನಿಮ್ಮ ಮನೆ ವಿಳಾಸ."

"ಹೌದು."

"ಬ್ಯಾಂಕಿಗೆ ಸುಳ್ಳು ಬರೆದ ಹಾಗಾಗಲ್ವಾ?"

"ಮೂರು ತಿಂಗಳು ಟೈಮ್ ಕೇಳಿದ್ದೀರಲ್ಲ..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅಷ್ಟರೊಳಗೆ ನಿಜ ಮಾಡಿ."